ಹಂದಿಯ ಗರ್ಭದಲ್ಲಿ ಮೊದಲ ಮೂವತ್ತು ದಿನ

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ಪಶುಪಾಲನಾ ಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾವು ಓದಿದ್ದು ಎಸ್.ಎಸ್.ಎಲ್.ಸಿ. ತನಕ. ವಿಜ್ಞಾನಿಗಳ ಹಾಗೆ ಮಾತಾಡಲು ನಮಗೆ ಬರುವುದಿಲ್ಲ. ತರಬೇತಿ ಶಿಬಿರಗಳಲ್ಲಿ ಕೇಳಿದ್ದು, ಓದಿ ತಿಳಿದದ್ದು, ಹಂದಿ ಗೂಡಿನಲ್ಲಿ ಕಂಡದ್ದು, ಇಷ್ಟನ್ನೇ ಸೇರಿಸಿ ಹೇಳ್ತೇವೆ.

ಹಂದಿ ಅಂದರೆ ಮೂಗು ಮುರಿಯುವವರು ಇವತ್ತಿಗೂ ಇದ್ದಾರೆ. ಇರಲಿ. ಸಂಘದಿಂದ ಸಾಲ ಪಡೆದು ಒಂದು ಹೆಣ್ಣು ಹಂದಿ ಕಟ್ಟಿ, ಅದರ ಮರಿ ಮಾರಿದ ದುಡ್ಡಿನಲ್ಲಿ ಮಕ್ಕಳ ಶಾಲೆ ಫೀಸು ಕಟ್ಟಿದ ಮನೆಗಳು ನಮ್ಮಲ್ಲಿವೆ. ಅಂಥ ಮನೆಯಲ್ಲಿ ಹಂದಿ ಗಬ್ಬ ನಿಲ್ಲದಿದ್ದರೆ ಅದು ಹಂದಿಯ ವಿಷಯವಾಗಿ ಉಳಿಯುವುದಿಲ್ಲ, ಸಾಲದ ಕಂತಿನ ವಿಷಯ ಆಗುತ್ತದೆ. ಎರಡು ಸಲ ಬೆದೆ ಮರಳಿತು ಅಂದರೆ "ಇದು ಬಂಜೆ" ಅಂತ ಹೇಳಿ ಕಸಾಯಿಯವನಿಗೆ ಕೊಡುವುದು ರೂಢಿಯಾಗಿಬಿಟ್ಟಿದೆ. ಹಂದಿ ಹೋಯಿತು, ಸಾಲ ಉಳಿಯಿತು.

ಇದೇ ಚಿಂತೆಯಿಂದ ಕಳೆದ ಸಾಮಾನ್ಯ ಸಭೆಯಲ್ಲಿ ಯುವಕ ಸದಸ್ಯರೊಬ್ಬರು ಎದ್ದು ಕೇಳಿದರು: "ಮನುಷ್ಯರಿಗೆ ಪ್ರನಾಳ ಶಿಶು ಬಂದಿದೆ, ಹಂದಿಗೂ ಬಂದಿದೆಯಂತೆ. ರಜತ ಮಹೋತ್ಸವದ ನಿಧಿಯಿಂದ ಸಂಘ ಅದನ್ನು ತರಬಾರದೇಕೆ?" ಒಳ್ಳೆಯ ಪ್ರಶ್ನೆ. ಸಭೆಯ ಗಡಿಬಿಡಿಯಲ್ಲಿ ಉತ್ತರ ಹೇಳಲು ಸಮಯ ಇರಲಿಲ್ಲ. ಇವತ್ತು ಹೇಳೋಣ.

ಮೊದಲು ಪ್ರನಾಳ ಶಿಶು ಅಂದರೆ ಏನು ಎಂಬುದು ತಿಳಿದಿರಲಿ. ತಾಯಿಯ ಹೊಟ್ಟೆಯಲ್ಲಿ ಆಗಬೇಕಾದ ಅಂಡ ಮತ್ತು ವೀರ್ಯಾಣುವಿನ ಕೂಡುವಿಕೆಯನ್ನು ಹೊರಗೆ ಗಾಜಿನ ತಟ್ಟೆಯಲ್ಲಿ ಮಾಡಿಸಿ, ಬೆಳೆದ ಭ್ರೂಣವನ್ನು ಮತ್ತೆ ಗರ್ಭಕ್ಕೆ ಸೇರಿಸುವುದು. 1959ರಲ್ಲಿ ಎಂ.ಸಿ. ಚಾಂಗ್ ಎಂಬ ವಿಜ್ಞಾನಿ ಅಮೆರಿಕದಲ್ಲಿ ಮೊಲಗಳಲ್ಲಿ ಇದನ್ನು ಸಾಧಿಸಿ ತೋರಿಸಿದರು. 1978ರಲ್ಲಿ ಇಂಗ್ಲೆಂಡಿನಲ್ಲಿ ಮನುಷ್ಯರ ಮೊದಲ ಪ್ರನಾಳ ಶಿಶು ಹುಟ್ಟಿತು. ಅದೇ ವರ್ಷ ನಮ್ಮ ಕಲ್ಕತ್ತೆಯಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರೂ ಅದನ್ನು ಸಾಧಿಸಿದರು. 1981ರಲ್ಲಿ ಅಮೆರಿಕದಲ್ಲಿ ದನದ ಕರು, 1990ರಲ್ಲಿ ನಮ್ಮ ದೇಶದ ಕರ್ನಾಲಿನ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯಲ್ಲಿ ಎಮ್ಮೆಯ ಕರು ಹುಟ್ಟಿದವು. ಆ ಎಮ್ಮೆ ಕರುವಿಗೆ ಪ್ರಥಮ್ ಅಂತ ಹೆಸರಿಟ್ಟಿದ್ದರು.

ಹಂದಿಯ ಮಟ್ಟಿಗೆ ಹೇಳುವುದಾದರೆ, ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಚೆಂಗ್, ಮೂರ್, ಪೋಲ್ಜ್ ಎಂಬ ಮೂವರು 1986ರಲ್ಲಿ ಇದರಲ್ಲಿ ಯಶಸ್ಸು ಕಂಡರು. 1989ರಲ್ಲಿ ಇಟಲಿಯವರು ಅಂಡವನ್ನು ಹೊರಗೇ ಬಲಿಯಿಸಿ, ಹೊರಗೇ ಫಲ ಕಟ್ಟಿಸಿ ಮರಿ ಪಡೆದರು. ಈ ಪೋಲ್ಜ್ ಅವರ ಋಣ ಹಾಲು ಹಾಕುವ ನಮ್ಮ ಸದಸ್ಯರೆಲ್ಲರ ಮೇಲೂ ಇದೆ. ಗ್ಲಿಸರಾಲ್ ಬೆರೆಸಿದರೆ ವೀರ್ಯಾಣುವನ್ನು ಹೆಪ್ಪುಗಟ್ಟಿಸಿ ಇಟ್ಟರೂ ಅದು ಬದುಕುತ್ತದೆ ಎಂದು 1949ರಲ್ಲಿ ಕಂಡುಹಿಡಿದ ತಂಡದಲ್ಲಿ ಅವರಿದ್ದರು. ಇವತ್ತು ನಮ್ಮ ಹಸುಗಳಿಗೆ ಕೊಡುವ ಕೃತಕ ಗರ್ಭಧಾರಣೆಯ ಕಡ್ಡಿ ಅದೇ ಶೋಧದ ಫಲ.

ಹಾಗಾದರೆ ಹಂದಿಗೆ ಈ ವಿಧಾನ ಸುಲಭವೇ? ಸುಲಭ ಅಲ್ಲ. ಹೇಗೆ ಮಾಡುತ್ತಾರೆ ಎಂಬುದನ್ನು ಕೇಳಿದರೆ ನಿಮಗೇ ತಿಳಿಯುತ್ತದೆ. ಕಸಾಯಿಖಾನೆಯಲ್ಲಿ ಕಡಿದ ಹೆಣ್ಣು ಹಂದಿಗಳ ಅಂಡಾಶಯವನ್ನು ತಣ್ಣಗಾಗಲು ಬಿಡದೆ ಬೆಚ್ಚಗಿನ ಉಪ್ಪುನೀರಿನಲ್ಲಿ ಹಾಕಿ ಪ್ರಯೋಗಶಾಲೆಗೆ ತರುತ್ತಾರೆ. ಅದರ ಮೇಲಿನ ಸಣ್ಣ ಗುಳ್ಳೆಗಳಿಂದ ಅಂಡವನ್ನು ಸೂಜಿಯಲ್ಲಿ ಎಳೆದು ತೆಗೆಯುತ್ತಾರೆ. ಹಂದಿಯ ಅಂಡ ಮಿಲಿಮೀಟರಿನ ಹತ್ತರಲ್ಲೊಂದು ಭಾಗಕ್ಕಿಂತ ಚೂರು ದೊಡ್ಡದು, ಅಷ್ಟೆ. ಅದು ಇನ್ನೂ ಎಳಸು. ಹಂದಿಯ ಮೈ ಬಿಸಿಯಷ್ಟೇ, ಅಂದರೆ 39 ಡಿಗ್ರಿಯ ಹತ್ತಿರ, ಬಿಸಿ ಕಾಯ್ದು ಪೋಷಕ ದ್ರವದಲ್ಲಿ 42ರಿಂದ 44 ಗಂಟೆ ಇಟ್ಟು ಬಲಿಯಿಸಬೇಕು. ಹಣ್ಣನ್ನು ಹುಲ್ಲಿನಲ್ಲಿಟ್ಟು ಹಣ್ಣಾಗಿಸಿದ ಹಾಗೆ. ಆಮೇಲೆ ವೀರ್ಯಾಣುಗಳ ಜೊತೆ ಕೆಲವು ಗಂಟೆ ಬಿಡುತ್ತಾರೆ. ಫಲ ಕಟ್ಟಿದ್ದನ್ನು ಬೇರೆ ದ್ರವಕ್ಕೆ ಹಾಕಿ ಐದಾರು ದಿನ ಸಾಕುತ್ತಾರೆ.

ಇಲ್ಲಿ ಎರಡು ತೊಡಕು ಬರುತ್ತವೆ. ಒಂದು, ಅಂಡದೊಳಕ್ಕೆ ಒಂದೇ ವೀರ್ಯಾಣು ಹೋಗಬೇಕು. ಎರಡು ಮೂರು ನುಗ್ಗಿದರೆ ಲೆಕ್ಕ ತಪ್ಪಿ ಭ್ರೂಣ ಕೆಡುತ್ತದೆ. ಹಂದಿಯ ಹೊಟ್ಟೆಯಲ್ಲಿ ಇದಕ್ಕೆ ಒಂದು ಕಾವಲು ಇದೆ. ಒಂದು ಸಲ ಕೊಡುವ ವೀರ್ಯದಲ್ಲಿ ಇನ್ನೂರು ಮುನ್ನೂರು ಕೋಟಿ ವೀರ್ಯಾಣು ಇರುತ್ತವೆ. ಆದರೆ ಗರ್ಭಕೋಶ ಮುಗಿದು ಅಂಡನಾಳ ಶುರುವಾಗುವ ಕಿರಿದಾದ ಜಾಗದಲ್ಲಿ ಅವುಗಳನ್ನು ತಡೆದು ನಿಲ್ಲಿಸಿ, ಬೆರಳೆಣಿಕೆಯಷ್ಟನ್ನೇ ಮೇಲಕ್ಕೆ ಬಿಡುತ್ತದೆ. ಜಾತ್ರೆಯಲ್ಲಿ ದೇವಸ್ಥಾನದ ಬಾಗಿಲಲ್ಲಿ ಸ್ವಯಂಸೇವಕರು ಸರತಿ ಸಾಲು ಮಾಡಿಸಿ ಒಬ್ಬೊಬ್ಬರನ್ನೇ ಒಳಗೆ ಬಿಡ್ತಾರಲ್ಲ, ಹಾಗೆ. ಗಾಜಿನ ತಟ್ಟೆಗೆ ಬಾಗಿಲೂ ಇಲ್ಲ, ಸ್ವಯಂಸೇವಕರೂ ಇಲ್ಲ. ಎಲ್ಲವೂ ಒಟ್ಟಿಗೆ ಮುತ್ತುತ್ತವೆ. ಬೇರೆ ಪ್ರಾಣಿಗಳಿಗಿಂತ ಹಂದಿಯಲ್ಲಿ ಈ ತೊಂದರೆ ಬಹಳ ಹೆಚ್ಚು. ಇಷ್ಟು ವರ್ಷ ಕಳೆದರೂ ವಿಜ್ಞಾನಿಗಳಿಗೆ ಇದು ಪೂರ್ತಿ ಬಗೆಹರಿದಿಲ್ಲ.

ಇನ್ನೊಂದು, ಹಂದಿಯ ಅಂಡದ ತುಂಬ ಕೊಬ್ಬು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಪ್ಪಗೆ ಕಾಣುತ್ತದೆ. ಈ ಕೊಬ್ಬಿನಿಂದಾಗಿ ಅದಕ್ಕೆ ಚಳಿ ತಡೆಯುವುದಿಲ್ಲ. ದನದ ಭ್ರೂಣವನ್ನು ಹೆಪ್ಪುಗಟ್ಟಿಸಿ ದೇಶಾಂತರಕ್ಕೆ ಕಳಿಸುತ್ತಾರೆ. ಹಂದಿಯ ಹೆಪ್ಪುಗಟ್ಟಿಸಿದ ಭ್ರೂಣದಿಂದ 1989ರಲ್ಲಿ ಜಪಾನಿನಲ್ಲಿ ಮರಿ ಪಡೆದದ್ದು ಹೌದು, ಆದರೆ ದನದಷ್ಟು ಸಲೀಸು ಇದುವರೆಗೆ ಆಗಿಲ್ಲ. ಹಂದಿಯ ವೀರ್ಯವೂ ಹಾಗೇ. ಅದನ್ನು 17 ಡಿಗ್ರಿಯ ಹತ್ತಿರ ಇಟ್ಟು ಕೆಲವೇ ದಿನದಲ್ಲಿ ಬಳಸಬೇಕು. ಹಸುವಿನದ್ದರಂತೆ ದ್ರವ ಸಾರಜನಕದ ಕ್ಯಾನಿನಲ್ಲಿ ವರ್ಷಗಟ್ಟಲೆ ಇಟ್ಟರೆ ಅಷ್ಟು ಚೆನ್ನಾಗಿ ಗಬ್ಬ ಕಟ್ಟುವುದಿಲ್ಲ. ಫ್ರಿಜ್ಜಿನ ಥಂಡಿಗೂ ಅದು ಕೆಡುತ್ತದೆ.

ಇಷ್ಟೆಲ್ಲ ಆದ ಮೇಲೂ ತಟ್ಟೆಯಲ್ಲಿಟ್ಟ ಅಂಡಗಳಲ್ಲಿ ನಾಟಿಗೆ ಬರುವಷ್ಟು ಬೆಳೆಯುವುದು ಸಾಮಾನ್ಯವಾಗಿ ಹತ್ತರಲ್ಲಿ ಎರಡೋ ಮೂರೋ. ಅದಕ್ಕೇ ಒಂದು ತಾಯಿಗೆ ಹತ್ತಾರು ಭ್ರೂಣ ಹಾಕಬೇಕಾಗುತ್ತದೆ. ಸಸಿಮಡಿಯ ಖರ್ಚೇ ಗದ್ದೆಯ ಫಸಲಿಗಿಂತ ಹೆಚ್ಚಾದ ಹಾಗೆ.

ಹಾಗಂತ ಈ ವಿದ್ಯೆ ವ್ಯರ್ಥ ಅಂತ ಯಾರೂ ತಿಳಿಯಬಾರದು. ಪ್ರಯೋಗಶಾಲೆಯಲ್ಲಿ ಅಂಡ ಮತ್ತು ಭ್ರೂಣ ಸಾಕಲು ಕಲಿತದ್ದರಿಂದಲೇ ಹಂದಿಯ ವಂಶವಾಹಿ ತಿದ್ದುವುದು ಸಾಧ್ಯವಾಯಿತು. 2022ರ ಜನವರಿಯಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಅಂಥ ಹಂದಿಯ ಹೃದಯವನ್ನು ಮನುಷ್ಯನಿಗೆ ಜೋಡಿಸಿದರು. ಆ ರೋಗಿ ಎರಡು ತಿಂಗಳು ಬದುಕಿದ್ದರು. 2024ರಲ್ಲಿ ಬಾಸ್ಟನ್ನಿನಲ್ಲಿ ಹಂದಿಯ ಮೂತ್ರಪಿಂಡ ಜೋಡಿಸಿದರು. ಮೂಗು ಮುರಿಯುವವರು ಇದನ್ನು ಸ್ವಲ್ಪ ಯೋಚಿಸಬೇಕು. ಆದರೆ ಇದು ದೊಡ್ಡ ಆಸ್ಪತ್ರೆ, ದೊಡ್ಡ ಸಂಸ್ಥೆಗಳ ಕೆಲಸ. ಒಂದೆರಡು ಹಂದಿ ಕಟ್ಟಿದ ನಮಗೆ ಇದರಿಂದ ಬೇಕಾದದ್ದು ಬೇರೆ. ತಟ್ಟೆಯಲ್ಲಿ ಭ್ರೂಣ ಸಾಕಲು ಹೊರಟವರು, ಹೊಟ್ಟೆಯೊಳಗೆ ಅದು ಹೇಗೆ ಬೆಳೆಯುತ್ತದೆ ಎಂಬುದನ್ನು ದಿನ ದಿನದ ಲೆಕ್ಕದಲ್ಲಿ ತಿಳಿಸಿಕೊಟ್ಟಿದ್ದಾರೆ. ಆ ಲೆಕ್ಕ ನಮಗೆ ಪುಕ್ಕಟೆ ಸಿಗುತ್ತದೆ, ನಾಳೆ ಬೆಳಿಗ್ಗೆಯೇ ಉಪಯೋಗಕ್ಕೂ ಬರುತ್ತದೆ.

ಆ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳ್ತೇವೆ.

ಹೆಣ್ಣು ಹಂದಿ 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಬೆದೆ ಎರಡು ಮೂರು ದಿನ ಇರುತ್ತದೆ. ಅದರ ಮೂರನೇ ಎರಡು ಭಾಗ ಕಳೆಯುವ ಹೊತ್ತಿಗೆ ಹದಿನೈದರಿಂದ ಇಪ್ಪತ್ತು ಅಂಡ ಉದುರುತ್ತವೆ. ಉದುರಿದ ಅಂಡದ ಆಯಸ್ಸು ಕೆಲವೇ ಗಂಟೆ. ಆದ್ದರಿಂದ ಅದು ಉದುರುವ ಮೊದಲೇ ವೀರ್ಯಾಣು ಒಳಗೆ ಹೋಗಿ ಕಾದಿರಬೇಕು. ಬೆನ್ನು ಒತ್ತಿದಾಗ ಹಂದಿ ಕಿವಿ ನಿಗುರಿಸಿ ಕಂಬದ ಹಾಗೆ ನಿಂತಿತೋ, ಆ ದಿನವೇ ಡಾಕ್ಟರಿಗೆ ತಿಳಿಸಿ. "ಭಾನುವಾರ ನೋಡೋಣ, ಸಂತೆ ಮುಗಿಸಿ ನೋಡೋಣ" ಅಂದರೆ ಅಂಡ ಕಾಯುವುದಿಲ್ಲ.

ಫಲ ಕಟ್ಟಿದ ಒಂದು ದಿನದ ಮೇಲೆ ಅದು ಎರಡಾಗಿ ಸೀಳುತ್ತದೆ, ಎರಡನೇ ದಿನಕ್ಕೆ ನಾಲ್ಕು. ಅಲ್ಲಿಯವರೆಗೆ ತಾಯಿ ಅಂಡದಲ್ಲಿ ಕಟ್ಟಿಕೊಟ್ಟ ಬುತ್ತಿಯಲ್ಲೇ ಅದರ ಜೀವನ. ನಾಲ್ಕರ ಹಂತದಲ್ಲಿ ಸುಮಾರು ಒಂದು ದಿನ ತಡೆದು ನಿಂತು, ತನ್ನದೇ ವಂಶವಾಹಿಯನ್ನು ಎಬ್ಬಿಸಿಕೊಂಡು ಸ್ವಂತ ಸಂಸಾರ ಶುರು ಮಾಡುತ್ತದೆ. ಆ ಹೊತ್ತಿಗೇ ಅಂಡನಾಳದಿಂದ ಗರ್ಭಕೋಶಕ್ಕೆ ಇಳಿಯುತ್ತದೆ. ಐದಾರನೇ ದಿನ ನೀರು ತುಂಬಿದ ಸಣ್ಣ ಗುಳ್ಳೆ. ಆರೇಳನೇ ದಿನ ಸಿಪ್ಪೆ ಒಡೆದು ಹೊರಬರುತ್ತದೆ.

ಹಂದಿಯ ಗರ್ಭಕೋಶಕ್ಕೆ ಎರಡು ಉದ್ದ ಕೊಂಬುಗಳಿವೆ. ಸಿಪ್ಪೆ ಬಿಟ್ಟ ಭ್ರೂಣಗಳು ಎಲ್ಲೂ ಅಂಟಿಕೊಳ್ಳದೆ ಆ ಕೊಂಬುಗಳಲ್ಲಿ ತೇಲುತ್ತಾ ಹೋಗುತ್ತವೆ. ಈ ಕಡೆಯವು ಆ ಕಡೆಗೂ ದಾಟುತ್ತವೆ. ಹೀಗೆ ಹನ್ನೊಂದು ಹನ್ನೆರಡನೇ ದಿನದ ಹೊತ್ತಿಗೆ ಇದ್ದ ಜಾಗವನ್ನು ಹೆಚ್ಚುಕಡಿಮೆ ಸಮನಾಗಿ ಹಂಚಿಕೊಳ್ಳುತ್ತವೆ. ಸರ್ವೇಯರೂ ಇಲ್ಲ, ತಕರಾರೂ ಇಲ್ಲ! ನಮ್ಮ ಪಾಲು ಪಟ್ಟಿಗಳೂ ಹೀಗೇ ಆಗಿದ್ದರೆ ಕೋರ್ಟುಗಳಿಗೆ ಕೆಲಸ ಇರ್ತಿರಲಿಲ್ಲ.

ಹನ್ನೊಂದು ಹನ್ನೆರಡನೇ ದಿನ ಇನ್ನೂ ಸೋಜಿಗ. ಒಂದು ಸೆಂಟಿಮೀಟರಿನ ದುಂಡು ಗುಳ್ಳೆ ಕೆಲವೇ ಗಂಟೆಗಳಲ್ಲಿ ಹಿಗ್ಗಿ ದಾರದ ಹಾಗೆ ಆಗುತ್ತದೆ. ಹದಿನಾರನೇ ದಿನಕ್ಕೆ ಆ ದಾರ ಒಂದು ಮೀಟರಿನ ಹತ್ತಿರಕ್ಕೂ ಉದ್ದ ಆಗಬಹುದು. ಹೀಗೆ ಹಿಗ್ಗುವಾಗಲೇ ಭ್ರೂಣಗಳು ಈಸ್ಟ್ರೋಜೆನ್ ಎಂಬ ರಸ ಬಿಡುತ್ತವೆ. "ಅಮ್ಮಾ, ನಾವು ಇದ್ದೇವೆ, ಬೆದೆಗೆ ಬರಬೇಡ" ಎಂದು ತಾಯಿಗೆ ಹೇಳಿಕಳಿಸುವ ಸಂದೇಶ ಅದು. ಸಂದೇಶ ಮುಟ್ಟಿದರೆ ಗಬ್ಬ ನಿಂತಿತು. ಮುಟ್ಟದಿದ್ದರೆ ತಾಯಿಯ ಮೈ ಹೊಟ್ಟೆ ಖಾಲಿ ಅಂತಲೇ ತಿಳಿದು 21ನೇ ದಿನಕ್ಕೆ ಮತ್ತೆ ಬೆದೆ ತೋರಿಸುತ್ತದೆ.

ಈ ಸಂದೇಶ ಮುಟ್ಟಿಸಲು ಒಂದೆರಡು ಭ್ರೂಣದಿಂದ ಆಗುವುದಿಲ್ಲ. ಇದನ್ನು 1966ರಲ್ಲಿ ಪ್ರಕಟಿಸಿದವರು ಅದೇ ಪೋಲ್ಜ್, ಜೊತೆಗೆ ರೌಸನ್, ಮತ್ತು ಮೊಲದ ಪ್ರಯೋಗ ಮಾಡಿದ ಅದೇ ಚಾಂಗ್. ಆ ಹೊತ್ತಿಗೆ ಗರ್ಭದಲ್ಲಿ ಕಡಿಮೆಯೆಂದರೆ ನಾಲ್ಕು ಭ್ರೂಣ ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ, ಇದ್ದ ಭ್ರೂಣ ಎಷ್ಟೇ ಗಟ್ಟಿಮುಟ್ಟಾಗಿರಲಿ, ಸಾಮಾನ್ಯವಾಗಿ ಗಬ್ಬ ನಿಲ್ಲುವುದಿಲ್ಲ. ಸಹಕಾರಿಗಳಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೋರಂ ಇಲ್ಲದಿದ್ದರೆ ಸಭೆ ಇಲ್ಲ! ಒಬ್ಬ ಸದಸ್ಯ ಎಷ್ಟೇ ಬಲಶಾಲಿ ಆಗಿರಲಿ, ಅವನೊಬ್ಬನಿಂದ ಸಂಘ ಆಗದು. ಈ ಕಾನೂನು ಹಂದಿಯ ಗರ್ಭದಲ್ಲಿ ನಮ್ಮ ಸಹಕಾರ ಕಾಯ್ದೆಗಿಂತ ಹಳೆಯದು.

ಹದಿಮೂರನೇ ದಿನದಿಂದ ಹದಿನೆಂಟರ ಆಸುಪಾಸಿನವರೆಗೆ ಭ್ರೂಣಗಳು ನಿಧಾನವಾಗಿ ಗರ್ಭಕೋಶದ ಗೋಡೆಗೆ ಅಂಟಿಕೊಳ್ಳುತ್ತವೆ. ಉದುರಿದ ಅಂಡಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಫಲ ಕಟ್ಟುತ್ತವೆ. ಆದರೆ ಮೂವತ್ತು ದಿನ ತುಂಬುವುದರೊಳಗೆ ನೂರಕ್ಕೆ ಇಪ್ಪತ್ತು ಮೂವತ್ತು ಭ್ರೂಣ ಸದ್ದಿಲ್ಲದೆ ಕರಗಿ ಹೋಗುತ್ತವೆ. ಹದಿನೆಂಟು ಅಂಡ ಉದುರಿದ ಹಂದಿ ಹತ್ತೋ ಹನ್ನೊಂದೋ ಮರಿ ಹಾಕುವುದು ಹೀಗೆ. ಇದರಲ್ಲಿ ಸ್ವಲ್ಪ ಪ್ರಕೃತಿ ನಿಯಮ, ಅದನ್ನು ಯಾರೂ ತಪ್ಪಿಸಲಾರರು. ಮೇಲಿನ ನಷ್ಟವನ್ನು ನಾವು ತಪ್ಪಿಸಬಹುದು.

ಹೇಗೆ ಎಂದು ಕೇಳಿದರೆ, ನಾಲ್ಕೇ ಮಾತು.

ಮೊದಲನೆಯದು, ಜಾಗ ಬದಲಿಸಬಾರದು. ಗರ್ಭಧಾರಣೆ ಮಾಡಿಸಿದ ಮೇಲೆ ಒಂದು ತಿಂಗಳು ಹಂದಿಯನ್ನು ಜೀಪಿನಲ್ಲಿ ಸಾಗಿಸುವುದು, ಬೇರೆ ಹಂದಿಗಳ ಜೊತೆ ಹೊಸದಾಗಿ ಬಿಟ್ಟು ಕಾದಾಡಿಸುವುದು, ಹೊಡೆದು ಓಡಿಸುವುದು ಬೇಡ. ಒಳಗೆ ಭ್ರೂಣಗಳು ಜಾಗ ಹಿಡಿಯುವ ಕಾಲ ಅದು. ನಾಟಿ ಮಾಡಿದ ಗದ್ದೆಯಲ್ಲಿ ಬೇರು ಹಿಡಿಯುವ ಮೊದಲೇ ಯಾರಾದರೂ ದನ ಬಿಡ್ತಾರೆಯೇ?

ಎರಡನೆಯದು, ಸೆಖೆ. ಹಂದಿಗೆ ಮನುಷ್ಯರ ಹಾಗೆ ಬೆವರಲು ಬರುವುದಿಲ್ಲ. ಮಾರ್ಚ್, ಏಪ್ರಿಲ್, ಮೇ ತಿಂಗಳಲ್ಲಿ ತಗಡಿನ ಗೂಡಿನ ಮೇಲೆ ಸೋಗೆ ಹಾಸಿ, ಮಧ್ಯಾಹ್ನ ಮೈಗೆ ನೀರು ಹಾಕಿ, ಕುಡಿಯುವ ನೀರು ದಿನವಿಡೀ ಇರಲಿ. ಗಂಡು ಹಂದಿಗೂ ಸೆಖೆ ತಾಗಿದರೆ ಮುಂದಿನ ಐದಾರು ವಾರ ಅದರ ವೀರ್ಯ ಕಳಪೆ ಆಗುತ್ತದೆ.

ಮೂರನೆಯದು, ಬೂಸಲು ಹಿಡಿದ ಮೆಕ್ಕೆಜೋಳ. ನಮ್ಮ ಮಳೆಗಾಲದಲ್ಲಿ ಇದು ಮಾಮೂಲು. "ಹಂದಿಗೆ ತಾನೇ, ತಿನ್ನಲಿ" ಅಂತಾರೆ. ಒಂದು ಜಾತಿ ಬೂಸಲಿನಲ್ಲಿ ಜಿಯರಲೆನೋನ್ ಎಂಬ ವಿಷ ಇರುತ್ತದೆ. ಅದು ಮೈಯಲ್ಲಿ ಈಸ್ಟ್ರೋಜೆನ್ ಥರವೇ ನಟಿಸುತ್ತದೆ. ಭ್ರೂಣಗಳು ತಮ್ಮ ಸಂದೇಶ ಕಳಿಸುವ ಮೊದಲೇ ಈ ಸುಳ್ಳು ಸಂದೇಶ ತಾಯಿಗೆ ಮುಟ್ಟಿ ಗರ್ಭದ ಏರ್ಪಾಡೆಲ್ಲ ಹೊತ್ತು ತಪ್ಪುತ್ತದೆ, ಭ್ರೂಣ ಸಾಯುತ್ತದೆ. ಹೊರಗಿನಿಂದ ನೋಡಿದರೆ ಹಂದಿ ಚೆನ್ನಾಗೇ ಇರುತ್ತದೆ, ಗಬ್ಬ ಮಾತ್ರ ನಿಲ್ಲುವುದಿಲ್ಲ. ಬಂಜೆ ಎಂಬ ಹೆಸರು ಹಂದಿಗೆ, ತಪ್ಪು ಜೋಳದ ಚೀಲದ್ದು.

ನಾಲ್ಕನೆಯದು, ರೋಗ. ಆಫ್ರಿಕದ ಹಂದಿ ಜ್ವರ 2020ರಲ್ಲಿ ನಮ್ಮ ದೇಶದ ಈಶಾನ್ಯ ರಾಜ್ಯಗಳಿಗೆ ಬಂತು, ಅಲ್ಲಿಂದ ಬೇರೆ ಕಡೆಗೂ ಹರಡಿತು. ಬಂದ ಗೂಡು ಬರಿದು. ಗಂಡು ಹಂದಿಯನ್ನು ಊರಿಂದೂರಿಗೆ ತಿರುಗಿಸುವ ಬದಲು ಕೃತಕ ಗರ್ಭಧಾರಣೆ ಮಾಡಿಸುವುದು ಕ್ಷೇಮ. ಆದರೆ ವೀರ್ಯದಿಂದಲೂ ರೋಗ ಬರಬಹುದು. ಪರೀಕ್ಷೆ ಮಾಡಿದ ಕೇಂದ್ರದಿಂದಲೇ ತರಿಸಬೇಕು. ಹೋಟೆಲ್ ಮುಸುರೆ ತರುವವರು ಚೆನ್ನಾಗಿ ಕುದಿಸದೆ ಹಾಕಲೇಬಾರದು.

ಇನ್ನು ಬೆದೆ ಮರಳಿದ ಹಂದಿಯ ವಿಚಾರ. ಮರಳಿದ ದಿನ ಯಾವುದು ಎಂಬುದರಲ್ಲೇ ಅರ್ಧ ಉತ್ತರ ಇದೆ. 18ರಿಂದ 24 ದಿನದೊಳಗೆ ಮರಳಿದರೆ ಗಬ್ಬವೇ ಕಟ್ಟಿಲ್ಲ, ಇಲ್ಲವೇ ಹನ್ನೆರಡು ದಿನದೊಳಗೇ ಕೈಬಿಟ್ಟಿದೆ. ಗರ್ಭಧಾರಣೆಯ ಹೊತ್ತು, ವೀರ್ಯ ಇವನ್ನು ನೋಡಬೇಕು. ಒಂದೇ ಗಂಡಿನಿಂದ ಆದ ನಾಲ್ಕಾರು ಹಂದಿ ಮರಳಿದರೆ ದೋಷ ಗಂಡಿನದ್ದು. 25ರಿಂದ 38 ದಿನದ ನಡುವೆ ಮರಳಿದರೆ ಗಬ್ಬ ಕಟ್ಟಿ, ಸಂದೇಶವೂ ಮುಟ್ಟಿ, ಆಮೇಲೆ ಹೋಗಿರುವ ಸಂಭವ ಹೆಚ್ಚು. ಅಂಥ ಹಂದಿ ಬಂಜೆ ಅಲ್ಲ. ಸೆಖೆ, ಸಾಗಾಟ, ಕಾದಾಟ, ಬೂಸಲು, ರೋಗ ಇವುಗಳಲ್ಲಿ ಯಾವುದು ಎಂದು ಹುಡುಕಬೇಕು. ದಿನ ಬರೆದಿಟ್ಟಿದ್ದರೆ ಡಾಕ್ಟರು ಐದು ನಿಮಿಷದಲ್ಲಿ ದಾರಿ ಹೇಳ್ತಾರೆ. ಬರೆದಿಡದಿದ್ದರೆ ದೊಡ್ಡ ಪ್ರಯೋಗಶಾಲೆ ಇದ್ದೂ ಹೇಳಲಾರರು.

ಲೆಕ್ಕದ ಮಾತನ್ನೂ ಹೇಳಿಬಿಡ್ತೇವೆ. ಒಂದು ಬೆದೆ ತಪ್ಪಿದರೆ 21 ದಿನ ಹೋಯಿತು. ದಿನಕ್ಕೆ ಎರಡೂವರೆ ಕಿಲೋ ಆಹಾರ ಹಿಡಿದರೂ ಐವತ್ತೆರಡೂವರೆ ಕಿಲೋ, ಒಂದು ಮೂಟೆ, ಮರಿಯಿಲ್ಲದೆ ಖರ್ಚಾಯಿತು. ಹಂದಿಯ ಗಬ್ಬದ ಅವಧಿ 114 ದಿನ, ಅಂದರೆ ಮೂರು ತಿಂಗಳು, ಮೂರು ವಾರ, ಮೂರು ದಿನ. ಬೆದೆ ತಪ್ಪದೆ ನಡೆದರೆ ವರ್ಷಕ್ಕೆ ಎರಡು ಸೂಲು ಸಿಗುತ್ತದೆ. ಎರಡು ಮೂರು ಬೆದೆ ತಪ್ಪಿದರೆ ಎರಡನೇ ಸೂಲು ಮುಂದಿನ ವರ್ಷಕ್ಕೆ ಹೋಯಿತು. ಸಾಲದ ಕಂತು ಮಾತ್ರ ಈ ವರ್ಷವೇ ಬರುತ್ತದೆ.

ಆದ್ದರಿಂದ ಯುವಕ ಸದಸ್ಯರ ಪ್ರಶ್ನೆಗೆ ನಮ್ಮ ಉತ್ತರ ಇಷ್ಟು. ತಟ್ಟೆಯಲ್ಲಿ ಮರಿ ಮಾಡುವ ವಿದ್ಯೆಗೆ ಕೈಮುಗಿಯೋಣ. ಆದರೆ ಆ ವಿದ್ಯಾವಂತರು ಎಷ್ಟೋ ವರ್ಷದಿಂದ ಕಷ್ಟಪಟ್ಟು ನಕಲು ಮಾಡಲು ನೋಡುತ್ತಿರುವ ಅಸಲು ನಮ್ಮ ಗೂಡಿನಲ್ಲೇ ಮಲಗಿದೆ. ಬಾಗಿಲು ಕಾಯುವುದು, ಬಿಸಿ ಕಾಯುವುದು, ಜಾಗ ಹಂಚುವುದು ಎಲ್ಲವನ್ನೂ ತಾಯಿ ಹಂದಿಯ ಹೊಟ್ಟೆ ತಾನೇ ಮಾಡುತ್ತದೆ. ಅದು ನಮ್ಮಿಂದ ಕೇಳುವುದು ಮೂವತ್ತು ದಿನದ ನೆಮ್ಮದಿ.

ಹೀಗಾಗಿ ಆಡಳಿತ ಮಂಡಳಿಯ ಮುಂದೆ ಮೂರು ಸಲಹೆ ಇಡುತ್ತೇವೆ. ಹಂದಿ ಸಾಕುವ ಪ್ರತಿ ಸದಸ್ಯರಿಗೂ ಬೆದೆ, ಗರ್ಭಧಾರಣೆ, ಮರಳಿದ ದಿನ, ಈಯ್ದ ದಿನ ಬರೆಯುವ ಒಂದು ಪುಸ್ತಕ ಮಹೋತ್ಸವದ ನೆನಪಿಗೆ ಉಚಿತವಾಗಿ ಕೊಡುವುದು. ವೀರ್ಯವನ್ನು 17 ಡಿಗ್ರಿಯಲ್ಲಿ ಇಡುವ ಒಂದು ಪೆಟ್ಟಿಗೆ ಸಂಘದ ಕಚೇರಿಯಲ್ಲಿ ಇರಿಸಿ, ಇಬ್ಬರು ಯುವಕರಿಗೆ ಕೃತಕ ಗರ್ಭಧಾರಣೆಯ ತರಬೇತಿ ಕೊಡಿಸುವುದು. ಮೂರನೆಯದು ಮುಖ್ಯ: ಸಾಲದ ಹಂದಿಯನ್ನು ಬಂಜೆ ಎಂದು ಮಾರುವ ಮೊದಲು ಆ ಪುಸ್ತಕವನ್ನು ಪಶುವೈದ್ಯರಿಗೆ ತೋರಿಸಿರಬೇಕು ಎಂಬ ನಿಯಮ ಮಾಡಿ, ತೋರಿಸಿದವರಿಗೆ ಕಂತಿನಲ್ಲಿ ಒಂದು ಬೆದೆಯ, ಅಂದರೆ 21 ದಿನದ, ಕಾಲಾವಕಾಶ ಕೊಡುವುದು.

ಇದಕ್ಕೆ ದೊಡ್ಡ ಹಣ ಬೇಡ. ಮುಂದಿನ ಸಾಮಾನ್ಯ ಸಭೆಗೆ ಕೋರಂ ತುಂಬುವಷ್ಟು ಜನ ಬಂದು ಕೈ ಎತ್ತಿದರೆ ಸಾಕು.

ಜೈ ಸಹಕಾರ.